ಒಳಮೂಲೆ

ಕೌಲ್ ಬಜಾರಿನ ಎರಡಡಿ ಮೇಜಿನ ಮೇಲೆ
ಹಳೆ ಪಂಚೆಯ ತುಂಡು ಹಾಸಿ
ಶೇಕ್ಷಾವಲಿ ಮೇಸ್ತ್ರಿ ಎರಡೂ ವಾಚು ಇಟ್ಟರು.
ಅಪ್ಪನದೊಂದು, ಮ್ಯಾಂಗನೀಸ್ ಕಾಲದ್ದು.
ಮಗನದೊಂದು, ಅದಿರು ಚೀನಾಕ್ಕೆ ಹೋದ ಕಾಲದ್ದು.
ಕಂಪನಿ ಒಂದೇ.

ತಂದವನು ಡ್ರೈವರ್ ತಿಪ್ಪೇರುದ್ರ:
"ಹೊಸದು ದಿನಕ್ಕೆ ನಾಕು ನಿಮಿಷ ಹಿಂದೆ ಬೀಳತೈತೆ.
ಕಂಪನಿಗೆ ಕಳಿಸಂಗಿಲ್ಲ, ಬಿಲ್ಲಿಲ್ಲ.
ರೇಟು ಕೇಳಬ್ಯಾಡ್ರಿ, ಎರಡು ಟಿಪ್ಪರ್ ಬರ್ತಾವು ಅದರಾಗೆ."
ಹಳೇದು ಸುಮ್ಮನೆ ಜೊತೆಗೆ ಬಂದಿತ್ತು,
ಗಾಜು ಒರೆಸಿಸಿಕೊಳ್ಳಲು.

ಹಳೇದನ್ನೇ ಮೊದಲು ಬಿಚ್ಚಿದರು.
ಬೆನ್ನಿಗೆ ಉಕ್ಕಿನ ಮುಚ್ಚಳ, ಒಳಗೆ ಪೂರಾ ಕತ್ತಲೆ.
ನನ್ನ ಕಣ್ಣಿಗೆ ಮಸೂರ ಸಿಕ್ಕಿಸಿ "ನೋಡಲೇ" ಅಂದರು.
ಬ್ರಿಡ್ಜಿನ ಅಂಚಿಗೆ ಕೂದಲಗಲದ ಇಳಿಜಾರು,
ಎರಡು ಇಳಿಜಾರು ಒಳಕ್ಕೆ ಮಡಚಿ ಸೇರುವಲ್ಲಿ
ಒಂದೇ ಒಂದು ಗೆರೆ,
ಸೂಜಿ ಮೊನೆ ಉಸಿರು ಹಿಡಿದು ಎಳೆದಂಥದು.
"ಮಷೀನಿಗೆ ಈ ಮೂಲೆ ಸಿಗಂಗಿಲ್ಲ.
ಅದರ ಹಲ್ಲು ದುಂಡಗೆ, ತಿರುಗಿ ಹೋಗಿಬಿಡತೈತೆ.
ಮೂಲೆಯಾಗೆ ನಿಲ್ಲೋದು ಕೈ ಒಂದೇ."

ಮುಚ್ಚಳದ ಒಳಮೈಗೆ ಇರುವೆ ಕಾಲಿನಂಥ ಗೀರು,
ರಿಪೇರಿ ಮಾಡಿದವರ ಗುರುತು:
ಬೊಂಬಾಯಿಯವನದೊಂದು, ಗುಂತಕಲ್ಲಿನವನದೊಂದು,
ಕೊನೆಗೆ ಉರ್ದು ಅಂಕಿಯ ಅರವತ್ತೊಂದು.
ಅದರ ಮೇಲೆ ಹೆಬ್ಬೆರಳಿಟ್ಟು
"ಅಬ್ಬಾ" ಅಂದರು.
ಕರೆದರೋ ತೋರಿಸಿದರೋ ತಿಳಿಯಲಿಲ್ಲ.

ಹೊಸದರ ಬೆನ್ನು ಗಾಜು.
ಒಳಗೆ ಮದುವೆ ಛತ್ರ:
ಬಂಗಾರದ ಚಕ್ರ, ಬಾಚಿದಂಥ ಪಟ್ಟೆ,
ಒಂದಕ್ಕೊಂದು ತಪ್ಪದ ಪಟ್ಟೆ.
ಮೂಲೆ ಮಾತ್ರ ಎಮ್ಮೆ ನೆಕ್ಕಿದ ಉಪ್ಪುಗಲ್ಲಿನ ಹಾಗೆ ದುಂಡಗೆ.
ಡಯಲ್ ಎತ್ತಿದರೆ
ಕೀಲಿಯ ಸ್ಪ್ರಿಂಗಿಗೆ ಕತ್ತರಿಸಿದ ಜುಂಗು ಹಾಗೇ ಇತ್ತು.
ಗಾಜು ಎಲ್ಲಿಯವರೆಗೆ ಕಾಣಿಸುತ್ತದೋ
ಅಲ್ಲಿಯವರೆಗೆ ತಿಕ್ಕಿದ್ದರು.

ಮುಚ್ಚಿದ್ದಾಗ ಎಲ್ಲ ತಿಕ್ಕಿದವರು
ತೆರೆದಿಟ್ಟ ಮೇಲೆ ಬಿಟ್ಟರೇ ಎಂದು ಕೇಳಿದೆ.
ಅವರು ಮಾತಾಡಲಿಲ್ಲ.
ಜುಂಗಿನಿಂದ ಟೈಮು ತಪ್ಪುತ್ತದೇ ಎಂದು ಕೇಳಿದೆ.
"ಇಲ್ಲ. ಒಂದು ಸೆಕೆಂಡೂ ಇಲ್ಲ."
ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

ಹಿಂದೆ ಬೀಳಲು ಕಾರಣ ಒಂದು ಕಣ.
ಕೆಂಪನೆಯದು, ಇದೇ ಊರಿನದು,
ಲಾರಿ ತಾಡಪತ್ರಿ ಹಾರಿ ಬಂದದ್ದು.
ಪುಂಡಿ ಕಡ್ಡಿ ಚೂಪು ಮಾಡಿ ತೆಗೆದರು, ಎಸೆಯಲಿಲ್ಲ,
ಜರ್ದಾ ಡಬ್ಬಿಗೆ ಕೊಡವಿದರು.
ಅದರಲ್ಲಿತ್ತು ಊರ ವಾಚುಗಳ ಮೂವತ್ತು ವರ್ಷದ ಧೂಳು.
ನೀರಿಗೆ ಕದಡಿ, ಒರಟು ತಳ ಸೇರುವವರೆಗೆ ಕಾದು,
ಮೇಲಿನ ತಿಳಿಗೆಂಪು ಬಗ್ಗಿಸಿ
ಮಲ್ ಬಟ್ಟೆಯಲ್ಲಿ ಸೋಸಿ ಒಣಗಿಸಿದರೆ
ಕುಂಕುಮಕ್ಕಿಂತ ನುಣ್ಣಗೆ.
ತವರದ ತಗಡು, ಒಂದು ಹನಿ ಎಣ್ಣೆ, ಈ ಪುಡಿ.

ಮೂರು ರಾತ್ರಿ
ಅಕ್ಕಿಕಾಳಿನಷ್ಟು ಸ್ಪ್ರಿಂಗನ್ನು ಬೆರಳ ತುದಿಗೆ ಅಂಟಿಸಿ
ಸುತ್ತಿ ಸುತ್ತಿ ತಿಕ್ಕಿದರು.
ಕೈ ನಡುಗಿದಾಗ ನಿಲ್ಲಿಸುವರು,
ನಡುಕ ನಿಂತಾಗ ಶುರು.
ಗೌರಮ್ಮ ಟೀಚರ ಎಚ್ಚೆಂಟಿ ಅಷ್ಟೂ ದಿನ ಕಾದಿತ್ತು,
ಅವರು ಎರಡು ಸಲ ಬಂದು ಹೋದರು.
ಅದೂ ನಿಜ.

ಮೂರನೆಯ ರಾತ್ರಿ ಬಲ್ಬಿನ ಕೆಳಗೆ ಹೊರಳಿಸಿ ತೋರಿಸಿದರು:
ಹೀಗೆ ಹಿಡಿದರೆ ಬಿಳಿ,
ಚೂರು ವಾಲಿಸಿದರೆ ಬಾವಿಯ ಕಪ್ಪು.
ನಡುವೆ ಬೂದು ಇರಬಾರದು,
ಬೂದು ಇದ್ದರೆ ಕೆಲಸ ಮುಗಿದಿಲ್ಲ.
ಆಮೇಲೆ ಡಯಲ್ ಕೂರಿಸಿದರು.
ಗಾಜಿನ ಬೆನ್ನಿಗೆ ಗೀಚುವ ಜಾಗ ಇರಲಿಲ್ಲ.

ತಿಪ್ಪೇರುದ್ರ ಮುನ್ನೂರು ಎಣಿಸಿದ.
"ಏನಾಗಿತ್ರೀ?"
"ಧೂಳು" ಅಂದರು ಮೇಸ್ತ್ರಿ,
ಉಗುರಸಂದಿನ ಕೆಂಪನ್ನು
ಪಂಚೆಗೆ ಒರೆಸಿಕೊಳ್ಳುತ್ತ.